ನ್ಯೂಟ್ರಲ್ ಹೋದ್ರೆ ಬೆಂಕಿ: ನಮ್ಮ ಮೋಟರ್‌ಹೋಮ್‌ಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿದ ಕಥೆ

(1/8)

ಹೋದ ವಾರ ಅಕ್ಕಿರೊಟ್ಟಿ ಫೋಟೋ ಹಾಕಿದ್ನಲ್ಲ, ಅದರಲ್ಲಿ ಒಲೆ ಪಕ್ಕದ ಗೋಡೆ ಮೇಲೆ ಕೆಂಪಗೆ 118 ಅಂತ ಒಂದು ನಂಬರ್ ಹೊಳೀತಿತ್ತು. ರೊಟ್ಟಿ ಬಗ್ಗೆ ಒಬ್ಬರೂ ಕೇಳ್ಲಿಲ್ಲ. "ಅಕ್ಕಾ, ಆ 118 ಏನು?" ಅಂತ ಐದಾರು ಜನ ಕೇಳಿದ್ರಿ. ಅದು ಆ ಹೊತ್ತಿಗೆ ಗಾಡಿಗೆ ಬರ್ತಿದ್ದ ಕರೆಂಟಿನ ವೋಲ್ಟೇಜ್. ಅದನ್ನ ತೋರಿಸ್ತಿರೋ ಪೆಟ್ಟಿಗೆ ಇವತ್ತಿನ ಫೋಟೋದಲ್ಲಿದೆ. ನೋಡೋಕೆ ಏನೂ ಚೆಂದ ಇಲ್ಲ. ಗಾಡಿಯ ಹಿಂಭಾಗದ ಖಾನೆ, ಅದರೊಳಗೆ ತಿರುಪು ಹಾಕಿ ಕೂರಿಸಿದ ಒಂದು ಡಬ್ಬ, ಒಳಗೆ ಹೋಗೋ ದಪ್ಪ ವೈರು, ಹೊರಗೆ ಬರೋ ದಪ್ಪ ವೈರು. ಹಾರ್ಡ್‌ವೈರ್ಡ್ ಸರ್ಜ್ ಪ್ರೊಟೆಕ್ಟರ್ ಅಂತಾರೆ.

ಹೊಸಬರಿಗೆ ಒಂದು ಮಾತು: ನಾವಿರೋದು ಫೀನಿಕ್ಸ್‌ನಲ್ಲಿ. ಮೂರು ವರ್ಷದ ಹಿಂದೆ 34 ಅಡಿ ಉದ್ದದ ಒಂದು ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ತಗೊಂಡ್ವಿ. ಅಡುಗೆಮನೆ, ಬಾತ್‌ರೂಮು, ಮೇಲ್ಛಾವಣಿ ಮೇಲೆ ಎರಡು ಎಸಿ ಇರೋ ಬಸ್ಸು ಅಂದ್ಕೊಳ್ಳಿ. ಆರ್‌ವಿ ಪಾರ್ಕಿಗೆ ಹೋದ ಮೇಲೆ ಅಲ್ಲಿರೋ ಕಂಬದ ಪೆಟ್ಟಿಗೆಗೆ ನಮ್ಮ ಕೇಬಲ್ ಚುಚ್ಚಬೇಕು, ಆಗ ಒಳಗೆ ಕರೆಂಟು.

ಹೋದ ವರ್ಷ ಅಮ್ಮ ತೀರಿಕೊಂಡ ಮೇಲೆ ಅಪ್ಪನ್ನ ಆರು ತಿಂಗಳಿಗೆ ಅಂತ ಕರೆಸ್ಕೊಂಡೆ. ಅಪ್ಪ ಅರಸೀಕೆರೆ ಕಡೆ ಲೈನ್‌ಮನ್ ಆಗಿ ರಿಟೈರ್ ಆದವರು. ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯ್ತು, ಆಮೇಲೆ ಇನ್ನೂ ಹೆಸರು ಬದಲಾಯ್ತು, ಊರವರ ಬಾಯಲ್ಲಿ ಅಪ್ಪ ಇವತ್ತಿಗೂ "ಕೆಇಬಿಯವರು". ನಾನು ಇಲೆಕ್ಟ್ರಾನಿಕ್ಸ್ ಬಿ.ಇ. ಈ ಕಥೆಯಲ್ಲಿ ಇದು ಮುಖ್ಯ, ಯಾಕೆ ಅಂತ ಗೊತ್ತಾಗುತ್ತೆ.

(2/8)

ಜುಲೈ ತಿಂಗಳು. ಝಯಾನ್ ನೋಡ್ಕೊಂಡು ಬರೋಣ ಅಂತ ದಕ್ಷಿಣ ಯೂಟಾ ಕಡೆ ಹೊರಟಿದ್ವಿ. ಹೊರಗೆ 41 ಡಿಗ್ರಿ. ದಾರಿಯಲ್ಲಿ ಒಂದು ಹಳೇ ಆರ್‌ವಿ ಪಾರ್ಕಿನಲ್ಲಿ ಎರಡು ರಾತ್ರಿ ಇರೋದು ಅಂತ ಬುಕ್ ಮಾಡಿದ್ದೆ.

ನಮ್ಮವರು ಕೇಬಲ್ ಎಳ್ಕೊಂಡು ಕಂಬದ ಹತ್ರ ಹೋದ್ರು. ಅಪ್ಪ ಹಿಂದೇನೇ ಹೋಗಿ ನಿಂತ್ಕೊಂಡು, "ಅಳಿಯಂದ್ರೇ, ಚುಚ್ಚೋ ಮೊದಲು ವೋಲ್ಟೇಜ್ ನೋಡಿದ್ರಾ? ನ್ಯೂಟ್ರಲ್ ಸರಿಯಾಗಿದ್ಯಾ?" ಅಂದ್ರು. ಇವರು ನನ್ನ ಮುಖ ನೋಡಿದ್ರು. ನಾನು ಬಿಸಿಲಲ್ಲಿ ಬೆಂದು ಹೋಗಿದ್ದೆ. "ಅಪ್ಪಾ, ಇದು ಅಮೆರಿಕ. ಎಲ್ಲಾದಕ್ಕೂ ಟೆಸ್ಟರ್ ಹಿಡ್ಕೊಂಡು ಓಡಾಡೋಕೆ ಇದೇನು ನಮ್ಮೂರಾ? ನೀವು ಒಳಗೆ ಬನ್ನಿ" ಅಂದೆ. ಅಪ್ಪ ಮಾತಾಡ್ಲಿಲ್ಲ, ಒಳಗೆ ಬಂದು ಕೂತ್ರು.

ನಮ್ಮ ಹತ್ರ ಏನೂ ಇರಲಿಲ್ಲ ಅಂತಲ್ಲ. ಗಾಡಿ ಮಾರಿದವರು ಒಂದು ಸರ್ಜ್ ಪ್ರೊಟೆಕ್ಟರ್ ಕೊಟ್ಟಿದ್ರು, ಕಂಬಕ್ಕೂ ಕೇಬಲ್‌ಗೂ ಮಧ್ಯೆ ಚುಚ್ಚೋ ಥರದ್ದು. ಅದರಲ್ಲಿ ಹಸಿರು ದೀಪ ಬಂತು. ಹಸಿರು ಬಂತು ಅಂದ್ರೆ ಎಲ್ಲಾ ಸರಿ ಅಂತ ನಮ್ಮ ನಂಬಿಕೆ.

ಮುಂದಿನ ಎಸಿ ಹಾಕಿದ್ವಿ, ಫ್ಯಾನ್ ತಿರುಗ್ತು. ಹತ್ತು ನಿಮಿಷ ಆಗಿರಬಹುದು, ಕಂಪ್ರೆಸರ್ ಶುರುವಾಗೋ ಶಬ್ದ ಬಂತು. ಅದರ ಹಿಂದೆಯೇ ಎಸಿ ಒಂಥರಾ ನರಳಿದ ಹಾಗೆ ಆಯ್ತು. ಮೈಕ್ರೋವೇವ್‌ನ ಗಡಿಯಾರದ ಅಂಕಿಗಳು ಒಮ್ಮೆಲೇ ಜಗ್ಗಂತ ಹೊಳೆದು ಹೋದ್ವು. ಟಿವಿ ಕಡೆಯಿಂದ ಪಟ್ ಅಂತ ಸದ್ದು.

ಮಲಗಿದ್ದ ಅಪ್ಪ ಎದ್ದು ಕೂಗಿದ್ರು: "ನ್ಯೂಟ್ರಲ್ ಹೋಯ್ತು! ಮೈನ್ ಆಫ್ ಮಾಡಿ, ಮೈನ್ ಆಫ್ ಮಾಡಿ!"

ಇವರು ಹೊರಗೆ ಓಡಿ ಬ್ರೇಕರ್ ಇಳಿಸೋ ಹೊತ್ತಿಗೆ ಒಳಗೆ ಸುಟ್ಟ ವಾಸನೆ ತುಂಬಿತ್ತು. ಟಿವಿ, ಮೈಕ್ರೋವೇವ್, ಇನ್ವರ್ಟರ್ ಚಾರ್ಜರ್, ಮೂರೂ ಹೋಗಿದ್ವು. ನಮ್ಮ ಫ್ರಿಜ್ ಓಡೋದು ಇನ್ವರ್ಟರ್ ಮೂಲಕ. ಅಂದ್ರೆ ಫ್ರಿಜ್ಜೂ ನಿಂತ್ಹೋಯ್ತು. ಅದರೊಳಗೆ ಅಪ್ಪನ ಎರಡು ತಿಂಗಳ ಇನ್ಸುಲಿನ್ ಇತ್ತು.

ಹೊರಗೆ ಕಂಬದ ಹತ್ರ ಆ ಸರ್ಜ್ ಪ್ರೊಟೆಕ್ಟರ್‌ನ ಹಸಿರು ದೀಪ, ಬ್ರೇಕರ್ ಇಳಿಸೋವರೆಗೂ ಉರೀತಾನೇ ಇತ್ತಂತೆ.

(3/8)

ಆಗಿದ್ದೇನು ಅಂತ ಆಮೇಲೆ ಅಪ್ಪ ಬಿಡಿಸಿ ಹೇಳಿದ್ದನ್ನ ಇಲ್ಲಿ ಬರೀತೀನಿ. ಮೋಟರ್‌ಹೋಮ್ ಇಲ್ಲದವರೂ ಓದಿ, ನಮ್ಮೂರಿನ ಮನೆಗಳಿಗೂ ಇದು ಅನ್ವಯಿಸುತ್ತೆ.

ಇಲ್ಲಿ ದೊಡ್ಡ ಗಾಡಿಗಳಿಗೆ ಕೊಡೋದು 50 ಆಂಪ್ ಕನೆಕ್ಷನ್. ಪ್ಲಗ್‌ಗೆ ನಾಲ್ಕು ಪಿನ್ನು: ಎರಡು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ಥ್. ಒಂದೊಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್. ಎರಡು ಫೇಸ್‌ಗಳ ನಡುವೆ 240. ಗಾಡಿಯೊಳಗಿನ ಅರ್ಧ ಸಾಮಾನು ಒಂದು ಫೇಸ್ ಮೇಲೆ, ಇನ್ನರ್ಧ ಇನ್ನೊಂದರ ಮೇಲೆ.

ಅಪ್ಪ ಹೇಳಿದ್ದು ಹೀಗೆ: "240 ಅನ್ನೋದು ಒಂದು ಆಸ್ತಿ. ಇಬ್ಬರು ಅಣ್ಣತಮ್ಮಂದಿರು. ಸಮಪಾಲು ಮಾಡಿ ನಡುವೆ ಕೂತಿರೋ ಹಿರಿಯನೇ ನ್ಯೂಟ್ರಲ್. ಅವನು ಇರೋವರೆಗೂ ಇಬ್ಬರಿಗೂ 120. ಅವನು ಎದ್ದು ಹೋದ್ನೋ, ಪಾಲು ತಲೆಕೆಳಗು. ಜಾಸ್ತಿ ದುಡೀತಿರೋನಿಗೆ ಕಮ್ಮಿ, ಸುಮ್ನೆ ಕೂತಿರೋನಿಗೆ ಜಾಸ್ತಿ."

ಅವತ್ತು ಜಾಸ್ತಿ ದುಡೀತಿದ್ದಿದ್ದು ಎಸಿ. ಅದರ ಫೇಸ್‌ನಲ್ಲಿ ವೋಲ್ಟೇಜ್ ಕುಸೀತು, ಅದಕ್ಕೇ ನರಳಿದ್ದು. ಸುಮ್ನೆ ಕೂತಿದ್ದಿದ್ದು ಟಿವಿ, ಮೈಕ್ರೋವೇವ್, ಚಾರ್ಜರ್. ಅವುಗಳ ಮೇಲೆ ಏರಿದ ವೋಲ್ಟೇಜ್ ಬಿತ್ತು. ಒಂದು 80ಕ್ಕೆ ಇಳಿದ್ರೆ ಇನ್ನೊಂದು 160ಕ್ಕೆ ಏರಬೇಕು, ಒಟ್ಟು 240 ಹಾಗೇ ಇರುತ್ತಲ್ಲ. ಬ್ರೇಕರ್‌ಗೆ ಇದು ತಿಳಿಯೋದೇ ಇಲ್ಲ. ಅದು ನೋಡೋದು ಕರೆಂಟ್ ಎಷ್ಟು ಹರೀತಿದೆ ಅಂತ, ವೋಲ್ಟೇಜನ್ನಲ್ಲ.

ಪ್ಲಗ್ ಚುಚ್ಚಿದಾಗ ಹಸಿರು ದೀಪ ಬಂದಿದ್ದು ಸುಳ್ಳಲ್ಲ. ಆಗ ನ್ಯೂಟ್ರಲ್ ಇತ್ತು, ಸಡಿಲವಾಗಿತ್ತು ಅಷ್ಟೇ. ಕಂಪ್ರೆಸರ್ ಜೋರಾಗಿ ಎಳೆದಾಗ ಕಾಯ್ದು ಬಿಟ್ಕೊಂಡಿತು. ಮಳೆ ಬಿಸಿಲಲ್ಲಿ ನಿಂತಿರೋ ಕಂಬ, ದಿನಾ ಯಾರಾದ್ರೂ ಚುಚ್ಚಿ ಕೀಳೋ ಸಾಕೆಟ್ಟು, ಒಳಗಿನ ಹಿಡಿತ ಸವೆಯೋದು ಸಹಜ.

(4/8)

ಅಪ್ಪನಿಗೆ ಒಂದು ಕ್ಷಣದಲ್ಲಿ ಹೇಗೆ ಗೊತ್ತಾಯ್ತು?

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯಲ್ಲಿ ಒಂದು ಮದುವೆ. ಮನೆ ಮುಂದೆ ಚಪ್ಪರ, ಸೀರಿಯಲ್ ಸೆಟ್ಟು, ಮೈಕು. ರಾತ್ರಿ ಗಾಳಿ ಎದ್ದು ಎಲ್ಲೋ ಒಂದು ತೆಂಗಿನ ಗರಿ ಲೈನ್ ಮೇಲೆ ಬಿತ್ತು. ಕರೆಂಟ್ ಹೋಗುತ್ತೆ ಅಂತ ಎಲ್ಲರೂ ಕಾಯ್ತಿದ್ರೆ, ಬಲ್ಬುಗಳು ಇನ್ನೂ ಜೋರಾಗಿ ಉರಿಯೋಕೆ ಶುರುವಾದ್ವು. ಮಕ್ಕಳೆಲ್ಲ ಹೋ ಅಂತ ಚಪ್ಪಾಳೆ ತಟ್ಟಿದ್ವಿ. ಅಪ್ಪ ಊಟದ ಎಲೆ ಬಿಟ್ಟು ಎದ್ದು ಟ್ರಾನ್ಸ್‌ಫಾರ್ಮರ್ ಕಡೆ ಓಡಿದ್ರು. ಅವರು ಹೋಗಿ ಫ್ಯೂಸ್ ಕೀಳೋ ಹೊತ್ತಿಗೆ ಬೀದಿಯಲ್ಲಿ ನಾಲ್ಕು ಟಿವಿ, ಒಂದು ಫ್ರಿಜ್ಜು ಸುಟ್ಟಿದ್ವು.

ಅಲ್ಲಿ ಮೂರು ಫೇಸ್ ಲೈನು. ಫೇಸ್‌ಗೂ ನ್ಯೂಟ್ರಲ್‌ಗೂ 230, ಫೇಸ್ ಫೇಸ್ ನಡುವೆ 400. ನ್ಯೂಟ್ರಲ್ ತುಂಡಾದ್ರೆ ಯಾರ ಮನೆಗೆ ಎಷ್ಟು ಹೋಗುತ್ತೆ ಹೇಳೋಕಾಗಲ್ಲ. ಅಮೆರಿಕದ ಗಾಡಿಯಲ್ಲಿ ಆಗಿದ್ದೂ ಅದೇ ಜಾತಿಯ ಕಾಯಿಲೆ.

ಆ ರಾತ್ರಿ ಮನೆಗೆ ಬಂದು ಕೈಕಾಲು ತೊಳೀತಾ ಅಪ್ಪ ಅಮ್ಮನ ಹತ್ರ ಹೇಳಿದ್ದು ನನಗೆ ನೆನಪಿದೆ: "ಫೇಸ್ ಹೋದ್ರೆ ಕತ್ತಲೆ ಕಣೇ, ನ್ಯೂಟ್ರಲ್ ಹೋದ್ರೆ ಬೆಂಕಿ."

ಇದನ್ನ ಕೇಳಿ ಬೆಳೆದವಳು ನಾನು. ಆಮೇಲೆ ಬಿ.ಇ.ಯಲ್ಲಿ ಸಮೀಕರಣದ ರೂಪದಲ್ಲೂ ಓದಿದೆ. ಆದ್ರೂ "ಇದು ಅಮೆರಿಕ" ಅಂದೆ.

ಯೂಟಾದ ಆ ಸಂಜೆ ಅಪ್ಪ ನನ್ನನ್ನ ಒಂದು ಮಾತೂ ಅನ್ನಲಿಲ್ಲ. ಜನರೇಟರ್ ಹಾಕಿ ಮುಂದಿನ ಎಸಿ ಓಡಿಸೋಣ ಅಂದಾಗ ಮಾತ್ರ, "ಬೇಡ ಮಗಾ, ಒಳಗೆ ಯಾವ ವೈರ್ ಕರಗಿದ್ಯೋ ನೋಡದೆ ಕರೆಂಟ್ ಕೊಡಬಾರದು" ಅಂದ್ರು. ಆಮೇಲೆ ಇನ್ಸುಲಿನ್ ಪೆನ್ನುಗಳನ್ನ ಟವೆಲ್‌ನಲ್ಲಿ ಸುತ್ತಿ ಐಸ್ ಬಾಕ್ಸಿಗೆ ಇಟ್ರು, ಐಸಿಗೆ ತಾಗದ ಹಾಗೆ. ಇನ್ಸುಲಿನ್ ಹೆಪ್ಪುಗಟ್ಟಿದ್ರೂ ಕೆಟ್ಟಿತು, ಬಿಸಿಲಿಗೆ ಬಿಟ್ರೂ ಕೆಟ್ಟಿತು. ಗಾಡಿ ಹಿಂದೆ ಕಟ್ಕೊಂಡು ಬಂದಿದ್ದ ಕಾರಲ್ಲಿ 40 ಮೈಲಿ ಹೋಗಿ, ರೂಮಲ್ಲಿ ಫ್ರಿಜ್ ಇರೋ ಮೋಟೆಲ್ ಹುಡುಕಿದ್ವಿ. ಇನ್ಸುಲಿನ್ ಉಳೀತು. ದಾರಿಯುದ್ದಕ್ಕೂ ಅಪ್ಪ ಐಸ್ ಬಾಕ್ಸ್ ತೊಡೆ ಮೇಲಿಟ್ಕೊಂಡು ಕೂತಿದ್ದನ್ನ ಕನ್ನಡಿಯಲ್ಲಿ ನೋಡ್ತಾ ನಾನು ಡ್ರೈವ್ ಮಾಡಿದೆ.

(5/8)

ಈಗ ಕೆಲಸದ ವಿಷಯಕ್ಕೆ ಬರ್ತೀನಿ. ತಗೊಳ್ಳೋರು ಇದನ್ನ ಸೇವ್ ಮಾಡ್ಕೊಳ್ಳಿ.

ಸರ್ಜ್ ಪ್ರೊಟೆಕ್ಟರ್ ಅಂತ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಸಾಮಾನು ಮಾರ್ತಾರೆ.

ಮೊದಲನೇದು ಬರೀ ಸರ್ಜ್ ಹೀರೋದು. ಸಿಡಿಲು ದೂರದಲ್ಲೆಲ್ಲೋ ಬಡಿದಾಗ, ಲೈನ್‌ನಲ್ಲಿ ಏನೋ ಸ್ವಿಚ್ ಆದಾಗ ಕಣ್ಣು ಮಿಟುಕಿಸೋದರೊಳಗೆ ನೂರಾರು, ಸಾವಿರಾರು ವೋಲ್ಟ್ ಹಾರಿ ಬರುತ್ತಲ್ಲ, ಅದನ್ನ ಒಳಗಿನ ಬಿಲ್ಲೆಗಳು ನುಂಗ್ತವೆ. ಎಷ್ಟು ನುಂಗಬಲ್ಲದು ಅನ್ನೋದನ್ನ ಜೂಲ್ ಲೆಕ್ಕದಲ್ಲಿ ಬರೆದಿರ್ತಾರೆ. ನುಂಗಿ ನುಂಗಿ ಆ ಬಿಲ್ಲೆಗಳು ಸವೀತವೆ. 160 ವೋಲ್ಟ್ ಬಂದು ಹತ್ತು ಸೆಕೆಂಡ್ ನಿಂತ್ರೆ ಅದರ ಲೆಕ್ಕಕ್ಕೇ ಬರಲ್ಲ. ನಮ್ಮ ಹಳೇದು ಇದೇ.

ಎರಡನೇದನ್ನ ಇಎಂಎಸ್ ಅಂತಾರೆ. ಅದು ಸರ್ಜನ್ನೂ ನುಂಗುತ್ತೆ, ಜೊತೆಗೆ ವೋಲ್ಟೇಜನ್ನ ಸದಾ ಕಾಯ್ತಿರುತ್ತೆ. ಒಳಗೆ ದೊಡ್ಡ ಕಾಂಟ್ಯಾಕ್ಟರ್ ಇರುತ್ತೆ. ಸುಮಾರು 104 ವೋಲ್ಟ್‌ಗಿಂತ ಕೆಳಗೆ ಇಳಿದ್ರೆ, 132 ದಾಟಿದ್ರೆ, ನ್ಯೂಟ್ರಲ್ ಬಿಟ್ಟರೆ, ಅರ್ಥ್ ಇಲ್ಲದಿದ್ರೆ, ಫೇಸ್ ನ್ಯೂಟ್ರಲ್ ಅದಲುಬದಲಾಗಿದ್ರೆ ಟಕ್ ಅಂತ ಕಡಿದು ಹಾಕುತ್ತೆ. ನಮಗೆ ಬೇಕಾಗಿದ್ದು ಇದು. ನಿಮಗೂ ಬೇಕಾಗೋದು ಇದೇ.

ಸಿಡಿಲಿಗೆ ಎಲ್ಲರೂ ಹೆದರ್ತೀವಿ. ಆದ್ರೆ ಬೇಸಿಗೆಯ ಸಂಜೆ ಪಾರ್ಕಿನಲ್ಲಿರೋ ಎಲ್ಲಾ ಗಾಡಿಯವರೂ ಎಸಿ ಹಾಕಿ ವೋಲ್ಟೇಜ್ ಕುಸಿಯೋದು ಸಿಡಿಲಿಗಿಂತ ಎಷ್ಟೋ ಸಾಮಾನ್ಯ. ವೋಲ್ಟೇಜ್ ಕಮ್ಮಿಯಾದಷ್ಟೂ ಕಂಪ್ರೆಸರ್ ಮೋಟರು ಜಾಸ್ತಿ ಕರೆಂಟ್ ಎಳೆದು ಕಾಯುತ್ತೆ. ಸದ್ದಿಲ್ಲದೆ ಆಯಸ್ಸು ಕಳ್ಕೊಳ್ಳುತ್ತೆ.

ಊರಿಂದ ಬಂದೋರಿಗೆ ಒಂದು ಎಚ್ಚರಿಕೆ. ಇದು ನಮ್ಮ ಮನೆ ಫ್ರಿಜ್ಜಿನ ಸ್ಟೆಬಿಲೈಜರ್ ಅಲ್ಲ. ಸ್ಟೆಬಿಲೈಜರ್ ಕಮ್ಮಿ ವೋಲ್ಟೇಜನ್ನ ಏರಿಸಿ ಕೊಡುತ್ತೆ. ಇದು ಏರಿಸಲ್ಲ, ಕಡಿಯುತ್ತೆ ಅಷ್ಟೇ. ಏರಿಸೋಕೆ ಆಟೋಟ್ರಾನ್ಸ್‌ಫಾರ್ಮರ್ ಅಂತ ಬೇರೆ ಸಾಮಾನು ಬರುತ್ತೆ. ಒಂದು ಹೋಲಿಕೆ ಮಾತ್ರ ಇದೆ: ಕರೆಂಟ್ ವಾಪಸ್ ಬಂದಾಗ ಸ್ಟೆಬಿಲೈಜರ್ ಎರಡು ಮೂರು ನಿಮಿಷ ಕಾಯಿಸುತ್ತಲ್ಲ, ಹಾಗೇ ಇದೂ ಕಾಯಿಸುತ್ತೆ. ನಾವು ತಗೊಂಡಿದ್ದರಲ್ಲಿ 136 ಸೆಕೆಂಡ್. ಕಂಪ್ರೆಸರ್‌ನೊಳಗಿನ ಒತ್ತಡ ಇಳಿಯೋಕೆ ಆ ಸಮಯ ಬೇಕು.

(6/8)

ಚುಚ್ಚೋದಾ, ಗಾಡಿಯೊಳಗೆ ವೈರ್ ಮಾಡಿಸೋದಾ?

ಚುಚ್ಚೋದರಲ್ಲಿ ಅನುಕೂಲ ಇದೆ. ನಾಳೆ ಗಾಡಿ ಬದಲಾಯಿಸಿದ್ರೆ ಎತ್ಕೊಂಡು ಹೋಗಬಹುದು. ಎಲೆಕ್ಟ್ರಿಷಿಯನ್ ಬೇಡ. ಕಂಬದ ಹತ್ರಾನೇ ಕಾಯೋದರಿಂದ ನಮ್ಮ ಕೇಬಲ್ ಕೂಡ ಅದರ ರಕ್ಷಣೆಯಲ್ಲಿರುತ್ತೆ. ಆದ್ರೆ ಮಳೆಯಲ್ಲಿ, ರಾತ್ರಿ, ಸುಸ್ತಾಗಿ ಬಂದಾಗ "ಇವತ್ತೊಂದಿನ ಬಿಡು" ಅನ್ಸುತ್ತೆ. ಕಳ್ಳರ ಭಯಕ್ಕೆ ಚೈನ್ ಹಾಕಿ ಬೀಗ ಹಾಕಬೇಕು. ಒಳಗೇ ವೈರ್ ಮಾಡಿಸಿದ್ದು ಮರೆಯೋಕೆ ಸಾಧ್ಯ ಇಲ್ಲ, ಯಾರೂ ಎತ್ಕೊಂಡು ಹೋಗಲ್ಲ, ಮಳೆಗೆ ನೆನೆಯಲ್ಲ. ನನ್ನಂಥ, ಬಿಸಿಲಲ್ಲಿ ತಾಳ್ಮೆ ಕಳ್ಕೊಳ್ಳೋ ಜನಕ್ಕೆ ಇದೇ ಸರಿ.

ಆಮೇಲೆ ನೋಡಬೇಕಾಗಿದ್ದು ನಿಮ್ಮ ಪ್ಲಗ್. ಮೂರು ಪಿನ್ ಇದ್ರೆ 30 ಆಂಪ್, ನಾಲ್ಕಿದ್ರೆ 50. ಅದಕ್ಕೆ ತಕ್ಕ ಮಾದರಿನೇ ತಗೋಬೇಕು.

ಪ್ರೋಗ್ರೆಸಿವ್, ಸರ್ಜ್ ಗಾರ್ಡ್, ಹ್ಯೂಸ್‌ನವರ ವಾಚ್‌ಡಾಗ್, ಈ ಮೂರನ್ನೂ ಪಕ್ಕಪಕ್ಕ ಇಟ್ಕೊಂಡು ನೋಡಿದ್ವಿ. ವಾಚ್‌ಡಾಗ್ ಬ್ಲೂಟೂತ್ ಮೂಲಕ ಎಲ್ಲಾನೂ ಫೋನಿಗೆ ಕಳಿಸುತ್ತೆ, ಸವೆದ ಸರ್ಜ್ ಭಾಗವನ್ನ ನಾವೇ ಬದಲಾಯಿಸಬಹುದು. ನಮ್ಮವರಿಗೆ ಅದೇ ಇಷ್ಟ ಆಗಿತ್ತು. ಕೊನೆಗೆ ತಗೊಂಡಿದ್ದು ಪ್ರೋಗ್ರೆಸಿವ್‌ನ 50 ಆಂಪಿನ ಹಾರ್ಡ್‌ವೈರ್ಡ್ ಮಾದರಿ, 3,580 ಜೂಲ್‌ದು. ಕಾರಣ ಜೂಲ್ ಅಲ್ಲ. ಅದರ ಜೊತೆ ಗೋಡೆಗೆ ಹಾಕೋ ಒಂದು ಪುಟ್ಟ ಪರದೆ ಬರುತ್ತೆ. ಒಂದನೇ ಫೇಸ್ ಎಷ್ಟು ವೋಲ್ಟ್, ಎಷ್ಟು ಆಂಪ್, ಎರಡನೇದು ಎಷ್ಟು, ತಪ್ಪಿದ್ರೆ ಏನು ತಪ್ಪು ಅಂತ ಒಂದಾದ ಮೇಲೊಂದು ತೋರಿಸ್ತಾನೇ ಇರುತ್ತೆ. ಅಪ್ಪನಿಗೆ ಫೋನಲ್ಲಿ ಆಪ್ ತೆಗೆಯೋದು ಕಷ್ಟ. ಮಂಚದಲ್ಲಿ ಕೂತು ಅಂಕಿ ಓದೋದು ಸುಲಭ. ಅಷ್ಟೇ ಲೆಕ್ಕಾಚಾರ.

ಬೆಲೆ ಕೆಲವು ನೂರು ಡಾಲರ್. ಸುಟ್ಟುಹೋದ ಇನ್ವರ್ಟರ್ ಚಾರ್ಜರ್ ಒಂದರ ಬೆಲೆಯಲ್ಲೇ ಇಂಥ ಮೂರು ಬರ್ತಿದ್ವು.

(7/8)

ಎಲ್ಲಿ ಕೂರಿಸೋದು ಅನ್ನೋದು ಮೋಟರ್‌ಹೋಮ್‌ನವರಿಗೆ ದೊಡ್ಡ ಪ್ರಶ್ನೆ. ಗಾಡಿಯಲ್ಲಿ ಜನರೇಟರ್ ಇರೋದರಿಂದ ಟ್ರಾನ್ಸ್‌ಫರ್ ಸ್ವಿಚ್ ಅಂತ ಒಂದಿರುತ್ತೆ. ಕಂಬದ ಕರೆಂಟಾ, ಜನರೇಟರ್ ಕರೆಂಟಾ ಅಂತ ಆರಿಸಿ ಒಳಗೆ ಕಳಿಸೋದು ಅದು. ಸರ್ಜ್ ಪ್ರೊಟೆಕ್ಟರನ್ನ ಅದರ ಹಿಂದೆ, ಅಂದ್ರೆ ಹೊರಗಿನ ಕೇಬಲ್ ಕಡೆ ಹಾಕಿದ್ರೆ ಟ್ರಾನ್ಸ್‌ಫರ್ ಸ್ವಿಚ್ಚಿಗೂ ರಕ್ಷಣೆ ಸಿಗುತ್ತೆ, ಜನರೇಟರ್ ಮೇಲೆ ಕಣ್ಣಿರಲ್ಲ. ಅದರ ಮುಂದೆ, ಒಳಗಿನ ಪ್ಯಾನೆಲ್ ಕಡೆ ಹಾಕಿದ್ರೆ ಎರಡು ಮೂಲವನ್ನೂ ಕಾಯುತ್ತೆ, ಸ್ವಿಚ್ ಮಾತ್ರ ಬಯಲಲ್ಲಿ ಉಳಿಯುತ್ತೆ. ಅಪ್ಪ ಇವರ ಜೊತೆ ಅರ್ಧ ಗಂಟೆ ಚರ್ಚೆ ಮಾಡಿ, "ಕಳ್ಳ ಬರೋದು ಕಂಬದ ಕಡೆಯಿಂದ, ಬಾಗಿಲಲ್ಲೇ ಕಾವಲು ಇರಲಿ" ಅಂದ್ರು. ಹೊರಗಿನ ಕೇಬಲ್ ಕಡೆಗೇ ಹಾಕಿಸಿದ್ವಿ.

ಆರ್‌ವಿ ಕೆಲಸ ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. 50 ಆಂಪಿಗೆ ಆರು ಗೇಜಿನ ತಾಮ್ರದ ವೈರು, ಬಗ್ಗಿಸೋದೇ ಕಷ್ಟ. ಕೆಲಸ ಶುರು ಮಾಡೋ ಮುಂಚೆ ಹೊರಗಿನ ಕೇಬಲ್ ಕಿತ್ತು, ಜನರೇಟರ್ ಆಫ್ ಮಾಡಿ, ಇನ್ವರ್ಟರ್ ಕೂಡ ಆಫ್ ಮಾಡಿರಬೇಕು. ಮೂರನೇದನ್ನ ಜನ ಮರೀತಾರೆ.

ಬಂದಿದ್ದ ಹುಡುಗ ಒಳ್ಳೆ ಕೆಲಸಗಾರ. ಅಪ್ಪ ಒಂದು ಸ್ಟೂಲ್ ಹಾಕ್ಕೊಂಡು ಮುಂದೇನೇ ಕೂತ್ರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ಮುಗಿದ ಮೇಲೆ ಅಪ್ಪ ಸ್ಕ್ರೂಡ್ರೈವರ್ ತಿರುಗಿಸೋ ಹಾಗೆ ಕೈ ಮಾಡಿ, ಆಮೇಲೆ ಗಾಡಿ ಅಲ್ಲಾಡೋ ಹಾಗೆ ಇಡೀ ಮೈ ಅಲ್ಲಾಡಿಸಿ ತೋರಿಸಿದ್ರು. ಆ ಹುಡುಗ ನಗ್ತಾ ನನಗೆ ಹೇಳ್ದ: ನಿಮ್ಮ ತಂದೆ ಹೇಳ್ತಿರೋದು ಸರಿ, ಗಾಡಿ ಓಡಿದ ಹಾಗೆ ತಿರುಪುಗಳು ಸಡಿಲ ಆಗ್ತವೆ, ಮೊದಲ ಪ್ರಯಾಣ ಆದ ಮೇಲೆ ಒಂದ್ಸಲ, ಆಮೇಲೆ ವರ್ಷಕ್ಕೊಂದ್ಸಲ ಕರೆಂಟ್ ಪೂರ್ತಿ ತೆಗೆದು ಬಿಗಿ ಮಾಡಿಸಿ.

ಇನ್ನೆರಡು ಮಾತು. ಕೈಯಲ್ಲಿ ಎತ್ಕೊಂಡು ಹೋಗೋ ಸಣ್ಣ ಜನರೇಟರ್‌ಗೆ ಗಾಡಿ ಚುಚ್ಚಿದ್ರೆ ಎಷ್ಟೋ ಸಲ ಇದು "ಅರ್ಥ್ ಇಲ್ಲ" ಅಂತ ಕರೆಂಟ್ ಬಿಡಲ್ಲ. ಅಂಥ ಜನರೇಟರ್‌ಗಳಲ್ಲಿ ನ್ಯೂಟ್ರಲ್ಲನ್ನ ಅರ್ಥ್‌ಗೆ ಜೋಡಿಸಿರಲ್ಲ, ಪೆಟ್ಟಿಗೆ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ. ಅದಕ್ಕೆ ಅಂತಲೇ ಒಂದು ಜೋಡಣೆ ಪ್ಲಗ್ ಸಿಗುತ್ತೆ. ಇನ್ನೊಂದು, ಸಿಡಿಲು ನೇರವಾಗಿ ಬಡಿದ್ರೆ ಯಾವ ಪೆಟ್ಟಿಗೆಯೂ ಕಾಪಾಡಲ್ಲ. ಜೋರು ಗುಡುಗು ಮಳೆ ಬರೋದು ಕಂಡ್ರೆ, ಅದು ಶುರುವಾಗೋ ಮೊದಲೇ ಬ್ರೇಕರ್ ಇಳಿಸಿ ಕೇಬಲ್ ಕಿತ್ತಿಡಿ.

(8/8)

ಆಗಸ್ಟ್ ಕೊನೆಗೆ ಅಪ್ಪ ಊರಿಗೆ ಹೊರಟರು. ಏರ್‌ಪೋರ್ಟಲ್ಲಿ ನಾನು ಹೇಳಬೇಕು ಅಂದ್ಕೊಂಡಿದ್ದನ್ನ ಹೇಳೋಕೆ ಆಗ್ಲಿಲ್ಲ. "ಅಪ್ಪಾ, ಅವತ್ತು ನಾನು ಹಾಗನ್ನಬಾರದಿತ್ತು" ಅಂತ ಶುರು ಮಾಡಿದೆ. "ಯಾವತ್ತು?" ಅಂದ್ರು. ನೆನಪಿಲ್ಲದ ಹಾಗೆ. ಅವರಿಗೆ ಚೆನ್ನಾಗಿ ನೆನಪಿತ್ತು ಅಂತ ನನಗೆ ಗೊತ್ತು.

ಸೆಪ್ಟೆಂಬರ್ ಮೊದಲ ವಾರ, ಲೇಬರ್ ಡೇ ರಜೆ. ಲೇಕ್ ಹವಾಸು ಹತ್ರ ಒಂದು ಪಾರ್ಕಿನಲ್ಲಿ ಜಾಗ ಸಿಕ್ಕಿತ್ತು. ಎಲ್ಲಾ ಜಾಗ ಭರ್ತಿ, ಎಲ್ಲಾ ಗಾಡಿಯಲ್ಲೂ ಎಸಿ. ಈ ಸಲ ಇವರು ಚುಚ್ಚೋ ಮೊದಲು ಮಲ್ಟಿಮೀಟರ್ ಹಿಡಿದು, ಫೇಸ್ ಫೇಸ್ ನಡುವೆ 240 ಆಸುಪಾಸು, ಎರಡು ಕಡೆನೂ ನ್ಯೂಟ್ರಲ್‌ಗೆ 120 ಆಸುಪಾಸು ಅಂತ ನೋಡಿ, ಆಮೇಲೆ ಚುಚ್ಚಿದ್ರು. ಪೆಟ್ಟಿಗೆ ಇದ್ರೂ ಇದನ್ನ ಬಿಟ್ಟಿಲ್ಲ.

ಸಂಜೆ ಐದಕ್ಕೆ ಚಹಾ ಇಡ್ತಾ ಪರದೆ ನೋಡ್ತಿದ್ದೆ. 112. ಸ್ವಲ್ಪ ಹೊತ್ತಿಗೆ 108. 105. 103 ಬಂತು, ಖಾನೆಯೊಳಗೆ ಟಕ್ ಅಂತು. ಇಡೀ ಗಾಡಿ ನಿಶ್ಶಬ್ದ.

ಏನೂ ಹೊಳೆದು ಸಿಡಿಲಿಲ್ಲ, ಏನೂ ಸುಡಲಿಲ್ಲ. ಎಸಿಯ ಸದ್ದು ನಿಂತಿತು ಅಷ್ಟೇ. ನಾವು ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಆ ನಿಶ್ಶಬ್ದ.

ಊರಲ್ಲಿ ಬೆಳಗ್ಗೆ ಐದೂವರೆ, ಅಪ್ಪ ಎದ್ದಿರ್ತಾರೆ. ವಿಡಿಯೋ ಕಾಲ್ ಮಾಡಿ ಪರದೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿದ್ರು. "ಹೂಂ, ಲೋ ವೋಲ್ಟೇಜು. ಗಾಬರಿ ಬೇಡ. ಲೋಡ್ ಇಳಿಸಿ" ಅಂದ್ರು. ಹಿಂದಿನ ಎಸಿ ಆಫ್ ಮಾಡಿದೆ. ನೀರು ಕಾಯಿಸೋದನ್ನ ಕರೆಂಟಿನಿಂದ ಗ್ಯಾಸಿಗೆ ಬದಲಾಯಿಸಿದೆ. ಅಷ್ಟು ಹೊತ್ತೂ ಅಪ್ಪ ಫೋನ್ ಇಡಲಿಲ್ಲ. 136 ಸೆಕೆಂಡು ಇಬ್ಬರೂ ಪರದೆ ನೋಡ್ತಾ ಕೂತ್ವಿ. ಅವರ ಹಿಂದೆ ಕಾಗೆ ಕೂಗ್ತಿತ್ತು, ಯಾರೋ ಅಂಗಳ ಗುಡಿಸೋ ಸದ್ದು.

ಟಕ್.

"ಬಂತಾ?"

"ಬಂತು ಅಪ್ಪಾ."

"ಎಷ್ಟಿದೆ?"

"ಎಸಿ ಶುರುವಾದ ಮೇಲೂ 107ರಲ್ಲಿ ನಿಂತಿದೆ."

"ಸರಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ತಿರುಪು ಬಿಗಿ ಮಾಡಿಸಿದ್ಯಾ ಮಗಾ?" ಅಂದ್ರು.

ಮಾಡಿಸಿರಲಿಲ್ಲ. ಊರಿಗೆ ವಾಪಸ್ ಬಂದ ಮಾರನೇ ದಿನವೇ ಮಾಡಿಸಿದೆ. ಎರಡು ತಿರುಪು ಕಾಲು ಸುತ್ತು ಸಡಿಲ ಇದ್ವು. ಆ ಫೋಟೋನೂ ಹಾಕಿದ್ದೀನಿ, ಕೊನೆಯದು, ಸ್ವೈಪ್ ಮಾಡಿ.

ಮುಂದಿನ ಸರಣಿಯಲ್ಲಿ, ನೀವು ಕೇಳದೇ ಇದ್ರೂ, ಅಕ್ಕಿರೊಟ್ಟಿ.

#ಮೋಟರ್‌ಹೋಮ್‌ನಲ್ಲಿ_ಕನ್ನಡ #ಗಾಡಿಮನೆ #ಸರ್ಜ್‌ಪ್ರೊಟೆಕ್ಟರ್ #ಅಪ್ಪ #ಲೈನ್‌ಮನ್